ಊರಿಗೆಲ್ಲ ಜಡೆ ಹಾಕುವವಳ ಭುಜನೋವು

ಥ್ರೆಡ್ಡಿಂಗ್ ಕುರ್ಚಿಯಲ್ಲಿ ಕೂತ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಏನು ಹೇಳಿ? ಕಣ್ಣು ಮುಚ್ಚುವುದು! ಒಂದು ಕೈಯಿಂದ ಹುಬ್ಬಿನ ಮೇಲೆ, ಇನ್ನೊಂದು ಕೈಯಿಂದ ರೆಪ್ಪೆಯ ಮೇಲೆ ಚರ್ಮ ಎಳೆದು ಹಿಡಿದು, 'ಉರಿಯತ್ತೆ ಕಣ್ರೀ, ಸ್ವಲ್ಪ ನಿಧಾನ' ಎನ್ನುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆಮೇಲೆ ಕನ್ನಡಿಯಲ್ಲಿ ನಮ್ಮ ಹುಬ್ಬು ನೋಡಿಕೊಳ್ಳುತ್ತೇವೆ. ಹುಬ್ಬು ತಿದ್ದಿದವಳ ಮೊಣಕೈ ಎಷ್ಟು ಮೇಲಿತ್ತು, ಭುಜ ಎಷ್ಟು ಬಿಗಿದಿತ್ತು ಎಂದು ನೋಡುವ ಪ್ರಸಂಗವೇ ಬರುವುದಿಲ್ಲ.

2025ರ ಮಾವಿನ ಕಾಲದಲ್ಲಿ ನೆಂಟರ ಮನೆಯ ಮದುವೆಗೆಂದು ಶ್ರೀನಿವಾಸಪುರಕ್ಕೆ ಹೋಗಿದ್ದೆ. ರಸ್ತೆಯುದ್ದಕ್ಕೂ ಮಾವಿನ ಲಾರಿಗಳು, ಊರ ತುಂಬ ಮದುವೆಯ ವಾಲಗ. ಮನೆಯ ಮುಂದಿನ ಕೋಣೆಯನ್ನೇ ಪಾರ್ಲರ್ ಮಾಡಿಕೊಂಡಿದ್ದ ಒಬ್ಬ ಅಕ್ಕನ ಬಳಿ ತಲೆ ಬಾಚಿಸಿಕೊಳ್ಳಲು ಕೂತೆ. ಆಕೆ ಬಾಚಣಿಗೆಯನ್ನು ಮೇಲಕ್ಕೆ ಎತ್ತುವಾಗಲೆಲ್ಲ ತುಟಿ ಕಚ್ಚುತ್ತಿದ್ದುದು ಕನ್ನಡಿಯಲ್ಲಿ ಕಂಡಿತು.

"ಯಾಕಕ್ಕ, ಕೈ ನೋವಾ?" ಅಂದೆ.

"ಭುಜ ಅಕ್ಕ. ಯುಗಾದಿಯಿಂದ ಹಿಂಗೇ. ಬಲಗೈ ಮೇಲಕ್ಕೇ ಏಳಲ್ಲ. ಊರಿಗೆಲ್ಲ ಜಡೆ ಹಾಕ್ತೀನಿ, ನನ್ ಜಡೆ ನನ್ ಮಗಳು ಹಾಕ್ಬೇಕು ನೋಡಿ" ಎಂದು ನಕ್ಕರು.

"ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ಮದುವೆ ಸೀಜನ್ ಮುಗೀಲಿ ಅಂತ ಇದೀನಿ. ಈಗ ಅಂಗಡಿ ಬಾಗಿಲು ಹಾಕಿದ್ರೆ ಗಿರಾಕಿ ಪಕ್ಕದೋರ ಹತ್ರ ಹೋಗ್ತಾರೆ. ಸದ್ಯಕ್ಕೆ ಮಾತ್ರೆ ನುಂಗ್ತಿದೀನಿ."

ಈ ಮಾತನ್ನು ನೀವೂ ನಿಮ್ಮ ಬೀದಿಯ ಪಾರ್ಲರ್‌ನಲ್ಲಿ ಕೇಳಿರಬಹುದು. ನಿಮ್ಮಲ್ಲಿ ಕೆಲವರು ಮನೆಯಲ್ಲೇ ಪಾರ್ಲರ್ ನಡೆಸುತ್ತಿರಬಹುದು. ಪಿಯುಸಿ ಮುಗಿಸಿದ ಮಗಳನ್ನು ಬ್ಯೂಟಿಷಿಯನ್ ಕೋರ್ಸಿಗೆ ಸೇರಿಸುವ ಯೋಚನೆಯಲ್ಲೂ ಇರಬಹುದು. ಅದಕ್ಕೇ ಈ ವಾರ ಈ ಭುಜದ ಸಮಾಚಾರ. ಮೊದಲೇ ಹೇಳಿಬಿಡುತ್ತೇನೆ: ಈ ನೋವು ಆಕೆಯ ದೇಹ ದುರ್ಬಲ ಎಂದು ಬರುವುದಲ್ಲ, ವಯಸ್ಸಾಯಿತು ಎಂದಷ್ಟೇ ಬರುವುದೂ ಅಲ್ಲ. ಬಹುಮಟ್ಟಿಗೆ ಕುರ್ಚಿಯ ಎತ್ತರ ಮತ್ತು ಬಿಡುವಿಲ್ಲದ ಅಪಾಯಿಂಟ್‌ಮೆಂಟ್‌ಗಳಿಂದ ಬರುವಂಥದ್ದು. ಅಂದರೆ ತಡೆಯಬಹುದಾದದ್ದು.

ಸುದ್ದಿಯಲ್ಲಿ ದರ ಇತ್ತು, ಭುಜ ಇರಲಿಲ್ಲ

ಪಾರ್ಲರ್‌ಗಳು ಇತ್ತೀಚೆಗೆ ದೊಡ್ಡ ಸುದ್ದಿಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಸಲೂನ್ ಮತ್ತು ಸೌಂದರ್ಯ ಸೇವೆಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಸೆಪ್ಟೆಂಬರ್ 22ರಿಂದ ಜಾರಿಗೂ ಬಂತು. 'ಫೇಶಿಯಲ್ ಅಗ್ಗ ಆಯ್ತಂತೆ' ಎಂದು ಎಲ್ಲೆಡೆ ಅದೇ ಮಾತು.

ಆದರೆ ಯೋಚಿಸಿ ನೋಡಿ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟು ನಡೆಸುವ ಸೇವೆಯವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ. ತಾಲ್ಲೂಕು ಕೇಂದ್ರದ ಒಂದು ಕೋಣೆಯ ಪಾರ್ಲರ್‌ಗಳು ಬಹುತೇಕ ಇದೇ ಗುಂಪಿನವು. ಅಲ್ಲಿ ಹಿಂದೆಯೂ ಆ ತೆರಿಗೆ ಇರಲಿಲ್ಲ, ಈಗಲೂ ಇಲ್ಲ. ದೊಡ್ಡ ಸಲೂನಿನ ದರ ಇಳಿದರೆ ಇವರೂ ರೇಟು ಏರಿಸಲು ಹಿಂದೆಮುಂದೆ ನೋಡಬೇಕು. ರೇಟು ಏರಿಸಲಾಗದಿದ್ದರೆ ಸಂಪಾದನೆ ಹೆಚ್ಚಿಸಲು ಉಳಿಯುವ ದಾರಿ ಒಂದೇ, ದಿನಕ್ಕೆ ಇನ್ನೂ ನಾಲ್ಕು ತಲೆ ಹೆಚ್ಚು ಮಾಡುವುದು. ಆ ನಾಲ್ಕು ತಲೆಯ ಭಾರ ಬೀಳುವುದು ಅದೇ ಬಲಭುಜದ ಮೇಲೆ.

ನೋವು ಎಲ್ಲಿಂದ ಬರುತ್ತೆ?

ನಮ್ಮ ಒಂದು ತೋಳಿನ ತೂಕ ದೇಹದ ತೂಕದ ಸುಮಾರು ಇಪ್ಪತ್ತನೇ ಒಂದು ಭಾಗ. 60 ಕೆ.ಜಿ. ತೂಗುವ ಹೆಂಗಸಿನ ತೋಳು ಹೆಚ್ಚುಕಡಿಮೆ 3 ಕೆ.ಜಿ. ತೋಳು ಕೆಳಗೆ ಇಳಿಬಿದ್ದಾಗ ಈ ಭಾರ ಗೊತ್ತಾಗುವುದಿಲ್ಲ. ಮುಂದಕ್ಕೆ ಅಥವಾ ಪಕ್ಕಕ್ಕೆ ಎತ್ತಿ ಹಿಡಿದರೆ ಮೂರು ಕೆ.ಜಿ. ತೋತಾಪುರಿ ಚೀಲವನ್ನು ಗಾಳಿಯಲ್ಲಿ ಹಿಡಿದಂತೆ. ಕೈಯಲ್ಲಿ ಡ್ರೈಯರ್ ಇದ್ದರೆ ಅದು ಬೇರೆ. ನೀವೇ ಒಮ್ಮೆ ಎರಡೂ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಎರಡು ನಿಮಿಷ ನಿಂತು ನೋಡಿ, ಗೊತ್ತಾಗುತ್ತದೆ.

ಭುಜದ ಕೀಲಿನ ಸುತ್ತ ನಾಲ್ಕು ಸಣ್ಣ ಸ್ನಾಯುಗಳಿವೆ. ತೋಳಿನ ಮೂಳೆಯ ಗುಂಡು ತನ್ನ ಬಟ್ಟಲಿನಿಂದ ಜಾರದಂತೆ ಹಿಡಿದಿಡುವುದು ಇವುಗಳ ಕೆಲಸ. ಇವುಗಳಲ್ಲಿ ಒಂದರ ರಜ್ಜು, ಭುಜದ ಮೇಲಿನ ಮೂಳೆಯ ಚಾವಣಿಗೂ ತೋಳಿನ ಮೂಳೆಗೂ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಹಾದುಹೋಗುತ್ತದೆ. ಕೈ ಎತ್ತಿದಾಗ ಆ ಸಂದಿ ಕಿರಿದಾಗುತ್ತದೆ. ದಿನಕ್ಕೆ ಹತ್ತು ಬಾರಿಯಾದರೆ ಏನೂ ಇಲ್ಲ. ಎತ್ತಿದ ಕೈ ಎತ್ತಿದಂತೆಯೇ ನಿಂತರೆ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ರಜ್ಜು ಒತ್ತಿಸಿಕೊಂಡು ಸವೆಯುತ್ತದೆ, ಊದಿಕೊಳ್ಳುತ್ತದೆ. ಮೊದಲು ಸಂಜೆ ಹೊತ್ತು ಮಾತ್ರ ಸೆಳೆತ. ಆಮೇಲೆ ಆ ಮಗ್ಗುಲಲ್ಲಿ ಮಲಗಲು ಆಗುವುದಿಲ್ಲ. ಕೊನೆಗೆ ರವಿಕೆಯ ಹಿಂದಿನ ಹುಕ್ಕು ಹಾಕಲು, ಜಡೆ ಹಾಕಿಕೊಳ್ಳಲು ಕೈ ಹೋಗುವುದಿಲ್ಲ.

ಇದರ ಜೊತೆಗೆ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಕತ್ತು ಬಗ್ಗಿಸಿ ನಿಲ್ಲುವುದು, ಫೇಶಿಯಲ್ ಮಾಡುವಾಗ ಭುಜ ಕಿವಿಯ ತನಕ ಏರಿಸಿಕೊಳ್ಳುವುದು ಬೇರೆ. ಅದರಿಂದ ಕತ್ತು ಮತ್ತು ಭುಜದ ನಡುವಿನ ಸ್ನಾಯು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಪಾರ್ಲರ್ ಬಾಗಿಲು ಹಾಕಿದ ಮೇಲೆ ಆಕೆಗೆ ವಿಶ್ರಾಂತಿ ಸಿಗುತ್ತದೆಯೇ? ಎಲ್ಲಿಂದ! ಮನೆಯಲ್ಲಿ ಬಟ್ಟೆ ಹಿಂಡುವುದು, ನೀರಿನ ಬಿಂದಿಗೆ ಎತ್ತುವುದು, ಅಟ್ಟದ ಮೇಲಿನ ಡಬ್ಬಿ ಇಳಿಸುವುದು ಎಲ್ಲವೂ ಅದೇ ಭುಜದಿಂದಲೇ ಆಗಬೇಕು.

ಎರಡು ಗಂಟೆಯ ಲೆಕ್ಕ

ಹೊರದೇಶದಲ್ಲಿ ಇದನ್ನು ಹೇಗೆ ನೋಡುತ್ತಾರೆ ಗೊತ್ತೇ? ಫ್ರಾನ್ಸಿನಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಸರ್ಕಾರಿ ಪಟ್ಟಿ ಇದೆ. ಅದರ 57ನೇ ಕೋಷ್ಟಕದಲ್ಲಿ ಭುಜದ ರಜ್ಜುಗಳ ತೊಂದರೆಯೂ ಸೇರಿದೆ. ತೋಳು ಇಳಿಬಿದ್ದಿರುವುದು ಸೊನ್ನೆ ಡಿಗ್ರಿ, ನೆಲಕ್ಕೆ ಸಮನಾಗಿ ಚಾಚಿದ್ದು 90 ಡಿಗ್ರಿ ಎಂದುಕೊಳ್ಳಿ. ತೋಳಿಗೆ ಆಸರೆಯಿಲ್ಲದೆ 60 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ದಿನಕ್ಕೆ ಒಟ್ಟು 2 ಗಂಟೆ, ಇಲ್ಲವೇ 90 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ದಿನಕ್ಕೆ ಒಟ್ಟು 1 ಗಂಟೆ ಎತ್ತಿ ಮಾಡುವ ಕೆಲಸಗಳನ್ನು ಆ ಪಟ್ಟಿ ಹೆಸರಿಸುತ್ತದೆ.

ಈಗ ನಮ್ಮ ಪಾರ್ಲರ್ ಲೆಕ್ಕ ಹಾಕೋಣ. ಹಬ್ಬದ ಹಿಂದಿನ ದಿನ 20 ಥ್ರೆಡ್ಡಿಂಗ್, ಒಂದಕ್ಕೆ 6 ನಿಮಿಷ ಎಂದಿಟ್ಟುಕೊಳ್ಳಿ. ಅಲ್ಲಿಗೇ 2 ಗಂಟೆ ಆಯಿತು. ಕುರ್ಚಿ ಎತ್ತರವಾಗಿದ್ದರೆ ಆ ಎರಡು ಗಂಟೆಯೂ ತೋಳು ಮೇಲೇ. ಹೇರ್‌ಕಟ್, ಡ್ರೈಯರ್, ಮದುವಣಗಿತ್ತಿಯ ತಲೆಗೆ ಮೊಗ್ಗಿನ ಜಡೆ ಎಲ್ಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ!

ನಮ್ಮಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಇಲ್ಲವೆಂದಲ್ಲ. ಸೀಸದ ವಿಷ, ಸಿಲಿಕೋಸಿಸ್, ಗದ್ದಲದಿಂದ ಬರುವ ಕಿವುಡು ಇವೆಲ್ಲ ಅದರಲ್ಲಿವೆ. ಕೈ ಎತ್ತಿ ಎತ್ತಿ ಬರುವ ಭುಜನೋವಿಗೆ ಮಾತ್ರ ಅಲ್ಲಿ ಜಾಗ ಸಿಕ್ಕಿಲ್ಲ. ಪಟ್ಟಿಯಲ್ಲಿ ಇಲ್ಲದ ನೋವು 'ನಿನ್ನ ಮನೆ ಸಮಸ್ಯೆ' ಆಗಿಬಿಡುತ್ತದೆ.

ಕೋಲಾರ ಜಿಲ್ಲೆಗೆ ಈ ಕಥೆ ಹೊಸದೇನಲ್ಲ. ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಕುಡಿದು ಕಾರ್ಮಿಕರ ಶ್ವಾಸಕೋಶ ಕೆಡುತ್ತಿತ್ತು. ಅಲ್ಲಿ ಕಂಪನಿ ಗಣಿಗಾರಿಕೆ ಶುರುವಾದದ್ದು 1880ರ ದಶಕದಲ್ಲಿ, ಮೈಸೂರು ಸಂಸ್ಥಾನ ಸಿಲಿಕೋಸಿಸ್ ಬಗ್ಗೆಯೇ ನಿಯಮ ಮಾಡಿದ್ದು 1940ರಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೆಮ್ಮು ಇತ್ತು, ಕಾನೂನಿನಲ್ಲಿ ಅದಕ್ಕೆ ಹೆಸರಿರಲಿಲ್ಲ. ಭುಜನೋವಿನಿಂದ ಯಾರೂ ಸಾಯುವುದಿಲ್ಲ ನಿಜ. ಆದರೆ ಕೈಯನ್ನೇ ನಂಬಿ ಸಂಸಾರ ನಡೆಸುವವಳಿಗೆ ಭುಜವೇ ಬಂಡವಾಳ, ಅಲ್ಲವೇ?

ಹತ್ತು ಜನರ ಗೆರೆ

ಪಾರ್ಲರ್‌ಗಳಿಗೆ ಸಂಬಂಧಿಸಿದ ಇನ್ನೊಂದು ಸುದ್ದಿ ಅಷ್ಟಾಗಿ ಯಾರ ಬಾಯಲ್ಲೂ ಬರಲಿಲ್ಲ. 2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಆಗ ಹೇಳಲಾಯಿತು. ಕೇಳಲು ಎಷ್ಟು ಚೆನ್ನ! ಆದರೆ ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ಕುರಿತ ಸಂಹಿತೆ ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ. ಇಎಸ್‌ಐ ಕೂಡ ಹಾಗೆಯೇ. ಹತ್ತಕ್ಕಿಂತ ಕಡಿಮೆ ಇದ್ದರೆ ಮಾಲೀಕರು ಮತ್ತು ಕೆಲಸಗಾರರು ಒಪ್ಪಿ ಸ್ವ-ಇಚ್ಛೆಯಿಂದ ಸೇರಬೇಕು. ಶ್ರೀನಿವಾಸಪುರದಂಥ ಊರಿನ ಪಾರ್ಲರ್‌ನಲ್ಲಿ ಒಬ್ಬ ಅಕ್ಕ, ಕಲಿಯಲು ಬಂದ ಒಬ್ಬಳು ಹುಡುಗಿ ಇರುತ್ತಾರೆ. ಹತ್ತರ ಗೆರೆ ಮುಟ್ಟುವುದು ಯಾವಾಗ?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಅದರಲ್ಲಿ ಕ್ಷೌರಿಕರಿದ್ದಾರೆ, ಹೂಮಾಲೆ ಕಟ್ಟುವವರಿದ್ದಾರೆ, ದರ್ಜಿಗಳಿದ್ದಾರೆ. ಬ್ಯೂಟಿ ಪಾರ್ಲರ್ ಎಂಬ ಹೆಸರು ಇಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಇರುವುದನ್ನು ಬಳಸಿಕೊಳ್ಳೋಣ:

• ಅಸಂಘಟಿತ ಕೆಲಸಗಾರರ ಇ-ಶ್ರಮ್ ನೋಂದಣಿ 2021ರ ಆಗಸ್ಟ್‌ನಲ್ಲಿ ಶುರುವಾಯಿತು. ಮನೆಯಲ್ಲೇ ಪಾರ್ಲರ್ ನಡೆಸುವವರೂ ನೋಂದಾಯಿಸಿಕೊಳ್ಳಬಹುದು. ಲೆಕ್ಕದಲ್ಲಿ ಇದ್ದರೆ ತಾನೇ ನಾಳೆ ಕೇಳುವ ಹಕ್ಕು!

• ಮುದ್ರಾ ಸಾಲದ 'ಶಿಶು' ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ, ಬ್ಯೂಟಿ ಪಾರ್ಲರ್‌ಗೂ ಅನ್ವಯ. ಬ್ಯಾಂಕಿಗೆ ಹೋದಾಗ ಕನ್ನಡಿ, ದೀಪದ ಅಲಂಕಾರಕ್ಕಿಂತ ಮೊದಲು ಎತ್ತರ ಬದಲಿಸಬಹುದಾದ ಕುರ್ಚಿಯನ್ನು ಪಟ್ಟಿಯಲ್ಲಿ ಬರೆಯಿರಿ.

• ಇನ್ನೊಬ್ಬರ ಪಾರ್ಲರ್‌ನಲ್ಲಿ ಸಂಬಳಕ್ಕಿದ್ದೀರಾ? ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ನಡುವೆ ವಿರಾಮ, ವಾರಕ್ಕೊಂದು ರಜೆ ನಿಮ್ಮ ಹಕ್ಕು. ಅದು ಯಾರೂ ಮಾಡುವ ಉಪಕಾರವಲ್ಲ.

ಮೊದಲು ಕುರ್ಚಿ ಸರಿ ಮಾಡಿ

ಕಾನೂನು ಬರುವಾಗ ಬರಲಿ, ಕುರ್ಚಿಯನ್ನು ಇವತ್ತೇ ಸರಿ ಮಾಡಬಹುದು. ನೆನಪಿಡಬೇಕಾದ ಸೂತ್ರ ಒಂದೇ: ಮೊಣಕೈ ಪಕ್ಕೆಯ ಹತ್ತಿರ, ಕೆಲಸ ಎದೆಗಿಂತ ಕೆಳಗೆ.

• ಹೈಡ್ರಾಲಿಕ್ ಕುರ್ಚಿ ಇದ್ದರೆ ಪ್ರತಿ ಗಿರಾಕಿಗೂ ಏರಿಸಿ ಇಳಿಸಿ. ಎಷ್ಟೋ ಕಡೆ ಅಂಥ ಕುರ್ಚಿ ಇರುತ್ತದೆ, ಆದರೆ ತಂದ ದಿನ ಇದ್ದ ಎತ್ತರದಲ್ಲೇ ನಿಂತಿರುತ್ತದೆ!

• ಸಾದಾ ಕುರ್ಚಿಯಾದರೆ, ಎತ್ತರದ ಗಿರಾಕಿ ಬಂದಾಗ ಕುರ್ಚಿಯ ಮೇಲಿನ ದಪ್ಪ ದಿಂಬು ತೆಗೆದುಬಿಡಿ. ನೀವು ಕುಳ್ಳಗಿದ್ದರೆ ನಿಲ್ಲಲು ಅಗಲವಾದ, ಗಟ್ಟಿಯಾದ ಮರದ ಮಣೆ ಮಾಡಿಸಿಕೊಳ್ಳಿ. ಮೇಲೆ ರಬ್ಬರ್ ಹಾಸು ಹಾಕಿದರೆ ಜಾರುವುದಿಲ್ಲ. ಬಡಗಿಗೆ ಅರ್ಧ ದಿನದ ಕೆಲಸವೂ ಅಲ್ಲ.

• ಥ್ರೆಡ್ಡಿಂಗ್‌ಗೆ ಗಿರಾಕಿಯ ತಲೆ ಹಿಂದಕ್ಕೆ ಒರಗುವಂತಿರಲಿ. ತಲೆಯ ಕೆಳಗೆ ಆಸರೆ ಇರಲಿ. ಆಗ ಮುಖ ಮೇಲ್ಮುಖವಾಗಿ ನಿಮ್ಮ ಮೊಣಕೈ ಮಟ್ಟಕ್ಕೆ ಬರುತ್ತದೆ.

• ಫೇಶಿಯಲ್ ನಿಂತು ಮಾಡಬೇಡಿ. ತಲೆಯ ಹಿಂದೆ ಸ್ಟೂಲ್ ಹಾಕಿ ಕೂತು, ಮುಂಗೈಗಳನ್ನು ಮಂಚದ ಅಂಚಿನ ದಿಂಬಿನ ಮೇಲೆ ಊರಿ ಮಾಡಿ.

• ಹೇರ್‌ಕಟ್ ಮಾಡುವಾಗ ಕೈ ಚಾಚಬೇಡಿ, ಕುರ್ಚಿ ತಿರುಗಿಸಿ ಅಥವಾ ನೀವೇ ಸುತ್ತ ನಡೆಯಿರಿ. 'ಸ್ವಲ್ಪ ತಲೆ ಬಗ್ಗಿಸಿ ಅಕ್ಕ' ಎಂದು ಹೇಳಲು ಸಂಕೋಚ ಬೇಡ.

• ಮೊಂಡ ಕತ್ತರಿಗೆ ಹೆಚ್ಚು ಬಲ ಬೇಕು. ಕಾಲಕಾಲಕ್ಕೆ ಸಾಣೆ ಹಿಡಿಸಿ. ಡ್ರೈಯರ್ ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಕ ನೋಡಿ. ಆದಷ್ಟು ಹಗುರವಾದದ್ದನ್ನೇ ಆರಿಸಿ.

• ವ್ಯಾಕ್ಸ್ ಹೀಟರ್, ಕ್ರೀಮ್, ಬಾಚಣಿಗೆ ಎಲ್ಲ ಸೊಂಟದ ಎತ್ತರದ ಟ್ರಾಲಿಯ ಮೇಲೆ, ಕೈಗೆ ಸಿಗುವಂತಿರಲಿ. ಪ್ರತಿ ಸಲ ಗೋಡೆಯ ಶೆಲ್ಫಿಗೆ ಕೈ ಹಾಕುವುದು ಬೇಡ.

• ಮೆಹಂದಿಗೆ ನೆಲದ ಮೇಲೆ ಗಂಟೆಗಟ್ಟಲೆ ಬಗ್ಗಿ ಕೂರುವ ಬದಲು ಮದುಮಗಳ ಕೈಯನ್ನು ಮೇಜಿನ ಮೇಲಿನ ದಿಂಬಿನ ಮೇಲೆ ಇಡಿಸಿ.

ಕೆಲಸ ಹಂಚಿಕೊಳ್ಳುವ ಜಾಣತನ

ಸತತ ಆರು ಥ್ರೆಡ್ಡಿಂಗ್ ಮಾಡುವುದಕ್ಕಿಂತ ಎರಡು ಥ್ರೆಡ್ಡಿಂಗ್, ಒಂದು ಪೆಡಿಕ್ಯೂರ್, ಮತ್ತೆ ಎರಡು ಥ್ರೆಡ್ಡಿಂಗ್ ಮಾಡಿದರೆ ಭುಜಕ್ಕೆ ಉಸಿರಾಡಲು ಸಮಯ ಸಿಗುತ್ತದೆ. ಒಬ್ಬ ಗಿರಾಕಿಗೂ ಇನ್ನೊಬ್ಬರಿಗೂ ನಡುವೆ ಎರಡು ನಿಮಿಷ ಕೈ ಇಳಿಬಿಟ್ಟು ಭುಜ ಹಿಂದಕ್ಕೆ ತಿರುಗಿಸಿ. ಬಾಚಣಿಗೆಯನ್ನಾದರೂ ಎಡಗೈಯಲ್ಲಿ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ.

ನಮ್ಮ ಕಡೆ ವರ್ಷಕ್ಕೆ ಒಂದು ಬಿಡುವು ತಾನಾಗಿಯೇ ಸಿಗುತ್ತದೆ, ಅದು ಆಷಾಢ. ಮದುವೆಗಳಿರುವುದಿಲ್ಲ, ಪಾರ್ಲರ್ ಖಾಲಿ ಹೊಡೆಯುತ್ತದೆ. 'ವ್ಯಾಪಾರ ಇಲ್ಲ' ಎಂದು ಕೊರಗುವ ಬದಲು ಆ ನಾಲ್ಕು ವಾರವನ್ನು ಭುಜಕ್ಕೆ ಕೊಡಿ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಪಾರ್ಲರ್ ಮುಂದೆ ಸಾಲು ಇರುತ್ತದಲ್ಲ! ಆದರೆ ಈಗಾಗಲೇ ನೋವಿದ್ದರೆ ಆಷಾಢದ ತನಕ ಕಾಯಬೇಡಿ.

ಮನೆಯಲ್ಲೇ ಐದು ವ್ಯಾಯಾಮ

ಇವು ಆರಂಭದ ಸೆಳೆತಕ್ಕೆ ಮತ್ತು ನೋವು ಬಾರದಂತೆ ತಡೆಯಲು. ಮಾಡುವಾಗ ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ.

1. ಲೋಲಕ: ಚೆನ್ನಾಗಿರುವ ಕೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಾಗಿ. ನೋವಿನ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಸಣ್ಣ ಸುತ್ತು ತಿರುಗಿಸಿ. ಒಂದು ನಿಮಿಷ ಸಾಕು.

2. ಗೋಡೆ ಹತ್ತುವುದು: ಗೋಡೆಗೆ ಎದುರಾಗಿ ನಿಂತು ಬೆರಳುಗಳಿಂದ ಹಲ್ಲಿಯಂತೆ ಮೇಲಕ್ಕೆ ತೆವಳಿಸಿ. ಎಷ್ಟು ಹೋಗುತ್ತದೋ ಅಷ್ಟೇ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ವಾರದ ನಂತರ ನೋಡಿ. ಹತ್ತು ಸಲ.

3. ಬೆನ್ನ ರೆಕ್ಕೆ ಕೂಡಿಸುವುದು: ನೆಟ್ಟಗೆ ಕೂತು ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಹತ್ತಿರಕ್ಕೆ ಎಳೆದು ಐದು ಎಣಿಸಿ ಬಿಡಿ. ಹತ್ತು ಸಲ. ಟೀವಿ ನೋಡುತ್ತಲೂ ಮಾಡಬಹುದು.

4. ಬಾಗಿಲ ಚೌಕಟ್ಟು: ಮೊಣಕೈ ಮಡಚಿ, ಭುಜದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಚೌಕಟ್ಟಿಗೆ ಮುಂಗೈ ಒತ್ತಿ, ಒಂದು ಹೆಜ್ಜೆ ಮುಂದಿಡಿ. ಎದೆಯ ಸ್ನಾಯು ಹಿಗ್ಗುತ್ತದೆ. ಇಪ್ಪತ್ತು ಎಣಿಸಿ. ಮೂರು ಸಲ.

5. ಗೋಡೆಗೆ ಒತ್ತುವುದು: ಗೋಡೆ ಪಕ್ಕ ನಿಂತು, ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈ ಮುಂದಕ್ಕೆ ಮಡಚಿ. ಕೈಯ ಹಿಂಭಾಗದಿಂದ ಗೋಡೆಯನ್ನು ಮೆಲ್ಲಗೆ ಹೊರಕ್ಕೆ ತಳ್ಳಿ. ಕೈ ಅಲುಗಬಾರದು. ಐದು ಎಣಿಸಿ ಬಿಡಿ, ಹತ್ತು ಸಲ. ಕೀಲನ್ನು ಹಿಡಿದಿಡುವ ಸಣ್ಣ ಸ್ನಾಯುಗಳಿಗೆ ಇದೇ ಬಲ.

ಶಾಖ, ಎಣ್ಣೆ, ಮಾತ್ರೆ

ನಿನ್ನೆ ಮೊನ್ನೆ ಶುರುವಾದ, ಬಿಸಿಯಾಗಿ ಊದಿದ ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ. ಹಳೆಯ ಬಿಗಿತಕ್ಕೆ ಬಿಸಿನೀರಿನ ಚೀಲ. ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಗುರವಾಗಿ ಸವರಿದರೆ ಹಾಯೆನಿಸುತ್ತದೆ, ತಪ್ಪಿಲ್ಲ. ಆದರೆ ಕೈ ಹಿಡಿದು 'ಲಟಕ್' ಎನಿಸಿ ಎಳೆಸಿಕೊಳ್ಳುವುದು ಬೇಡವೇ ಬೇಡ. ಸವೆದ ರಜ್ಜು ಹರಿಯಬಹುದು.

ಹಾಗೆಂದು ವಾರಗಟ್ಟಲೆ ಕೈ ಅಲುಗಿಸದೆ ಜೋಳಿಗೆ ಕಟ್ಟಿಕೊಂಡು ಕೂರುವುದೂ ತಪ್ಪು. ಭುಜದ ಕೀಲು ಅಲುಗದಿದ್ದರೆ ಇನ್ನಷ್ಟು ಬಿಗಿಯುತ್ತದೆ. ನೋವು ಕೊಡುವ ಎತ್ತರಕ್ಕೆ ಕೈ ಎತ್ತಬೇಡಿ, ಅದಕ್ಕಿಂತ ಕೆಳಗೆ ಅಲುಗಿಸುತ್ತಿರಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ದಿನಾ ನುಂಗುವ ನೋವಿನ ಮಾತ್ರೆಯ ಬಗ್ಗೆ ಹುಷಾರು. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆಗೆ ಅದು ದಾರಿ. ಬಿಪಿ, ಶುಗರ್ ಇದ್ದವರಿಗಂತೂ ಇನ್ನೂ ಅಪಾಯ. ಮಾತ್ರೆ ನೋವನ್ನು ಮುಚ್ಚುತ್ತದೆ, ಅದೇ ಎತ್ತರದ ಕುರ್ಚಿಯಲ್ಲಿ ಅದೇ ಭುಜ ಇನ್ನಷ್ಟು ಸವೆಯುತ್ತದೆ.

ಯಾವಾಗ ವೈದ್ಯರ ಬಳಿ ಹೋಗಲೇಬೇಕು?

• ಎರಡು ಮೂರು ವಾರ ಎಚ್ಚರ ವಹಿಸಿದರೂ ಕಡಿಮೆಯಾಗದಿದ್ದರೆ, ರಾತ್ರಿ ನಿದ್ದೆ ಕೆಡುತ್ತಿದ್ದರೆ.

• ಕೈ ದಿನೇ ದಿನೇ ಬಿಗಿದು, ಹಿಂದಕ್ಕೂ ಮೇಲಕ್ಕೂ ಹೋಗದಿದ್ದರೆ. ಇದು 'ಫ್ರೋಜನ್ ಶೋಲ್ಡರ್' ಇರಬಹುದು. 40ರಿಂದ 60ರ ನಡುವಿನ ಹೆಂಗಸರಲ್ಲಿ, ಅದರಲ್ಲೂ ಶುಗರ್ ಅಥವಾ ಥೈರಾಯ್ಡ್ ಇದ್ದವರಲ್ಲಿ ಹೆಚ್ಚು. ಬಿಟ್ಟರೆ ವರ್ಷಗಟ್ಟಲೆ ಎಳೆಯುತ್ತದೆ. ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ.

• ಬೆರಳುಗಳಲ್ಲಿ ಜೋಮು, ಹಿಡಿತ ಸಡಿಲವಾಗಿ ಕತ್ತರಿ ಜಾರುವುದು. ತೊಂದರೆ ಕತ್ತಿನ ನರದಲ್ಲಿ ಅಥವಾ ಮಣಿಕಟ್ಟಿನಲ್ಲಿ ಇರಬಹುದು.

• ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ; ಜ್ವರದ ಜೊತೆ ಭುಜ ಕೆಂಪಾಗಿ ಊದಿದರೆ; ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ.

• ಭುಜ, ತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಬಂದರೆ ಒಂದು ಕ್ಷಣವೂ ತಡ ಮಾಡದೆ ಆಸ್ಪತ್ರೆಗೆ. ಅದು ಹೃದಯದ ನೋವಿರಬಹುದು.

ಶ್ರೀನಿವಾಸಪುರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಹೆಚ್ಚಿನ ತಪಾಸಣೆಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಫಿಸಿಯೋಥೆರಪಿ ಎಂದರೆ ದೊಡ್ಡವರ ಖಯಾಲಿ ಎಂದುಕೊಳ್ಳಬೇಡಿ. ಭುಜದ ವಿಷಯದಲ್ಲಿ ಸರಿಯಾಗಿ ಕಲಿತ ನಾಲ್ಕು ವ್ಯಾಯಾಮ ಎಷ್ಟೋ ಮಾತ್ರೆಗಿಂತ ಮೇಲು. ನಿಮ್ಮ ಕೆಲಸ ಏನೆಂದು ವೈದ್ಯರಿಗೆ ಮರೆಯದೆ ಹೇಳಿ. 'ಹೌಸ್‌ವೈಫ್' ಎಂದು ಬರೆಸಿ ಬಂದರೆ ಅವರಿಗೆ ಕುರ್ಚಿಯ ಸಂಗತಿ ಹೇಗೆ ಗೊತ್ತಾಗಬೇಕು?

ಗಿರಾಕಿಯಾಗಿ ನೀವೇನು ಮಾಡಬಹುದು?

ನೀವು ಪಾರ್ಲರ್‌ಗೆ ಹೋಗುವವರಷ್ಟೇ ಆದರೂ ನಿಮ್ಮ ಕೈಯಲ್ಲಿ ಬಹಳಷ್ಟಿದೆ. ಹಬ್ಬದ ಹಿಂದಿನ ಸಂಜೆಗೇ ನುಗ್ಗದೆ ಎರಡು ಮೂರು ದಿನ ಮೊದಲೇ ಹೋಗಿ. ಕುರ್ಚಿ ಇಳಿಸಿದರೆ, ತಲೆ ಬಗ್ಗಿಸಿ ಎಂದರೆ ಮುಖ ಸಿಂಡರಿಸಬೇಡಿ. ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮುನ್ನ ಆ ಎತ್ತಿದ ಕೈ ನೆನಪಿಸಿಕೊಳ್ಳಿ. ಆಪ್‌ನಲ್ಲಿ ಬುಕ್ ಮಾಡಿ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕರೆಸುತ್ತೀರಾ? ಬರುವ ಹುಡುಗಿ ಹೆಗಲ ಮೇಲೆ ಭಾರದ ಚೀಲ ಹೊತ್ತು ಬಂದಿರುತ್ತಾಳೆ. ಲಿಫ್ಟ್ ಬಳಸಲು ಹೇಳಿ, ನೆಲದ ಮೇಲೆ ಅಲ್ಲ, ಎತ್ತರದ ಕುರ್ಚಿ, ಮೇಜು ಕೊಡಿ. ಮಗಳನ್ನು ಕೋರ್ಸಿಗೆ ಸೇರಿಸುವವರು 'ಎಷ್ಟು ಬಗೆಯ ಫೇಶಿಯಲ್ ಕಲಿಸ್ತೀರಿ' ಎಂಬುದರ ಜೊತೆಗೆ 'ನಿಲ್ಲುವುದು, ಕೂರುವುದು ಕಲಿಸ್ತೀರಾ' ಎಂದೂ ಕೇಳಿ.

ಮೊನ್ನೆ ಶ್ರೀನಿವಾಸಪುರದ ಆ ಅಕ್ಕನಿಗೆ ಫೋನ್ ಮಾಡಿದ್ದೆ. ಆಷಾಢದಲ್ಲಿ ಕೋಲಾರಕ್ಕೆ ಹೋಗಿ ತೋರಿಸಿದರಂತೆ. ಶುಗರ್ ಇರುವುದೂ ಆಗಲೇ ಗೊತ್ತಾಯಿತಂತೆ. ಬಡಗಿ ಹತ್ತಿರ ಮಣೆ ಮಾಡಿಸಿದ್ದಾರೆ, ಫೇಶಿಯಲ್‌ಗೆ ಸ್ಟೂಲ್ ಬಂದಿದೆ. ಪೂರ್ತಿ ವಾಸಿಯಾಗಿಲ್ಲ.

"ಜಡೆ ಇನ್ನೂ ಮಗಳೇ ಹಾಕ್ತಾಳೆ ಅಕ್ಕ. ಆದ್ರೆ ನಿನ್ನೆ ಕ್ಲಿಪ್ ನಾನೇ ಹಾಕ್ಕೊಂಡೆ" ಅಂದರು.

ಮುಂದಿನ ಸಲ ಥ್ರೆಡ್ಡಿಂಗ್‌ಗೆ ಕೂತಾಗ, ಕಣ್ಣು ಮುಚ್ಚುವ ಮೊದಲು ಒಮ್ಮೆ ಮೇಲೆ ನೋಡಿ. ಆಕೆಯ ಮೊಣಕೈ ಎತ್ತರದಲ್ಲಿದ್ದರೆ, 'ಕುರ್ಚಿ ಸ್ವಲ್ಪ ಇಳಿಸ್ಕೊಳ್ಳಿ ಅಕ್ಕ' ಎಂದು ನೀವೇ ಹೇಳಿ.